ಪ್ರತಿ ತಂಡಕ್ಕೂ ಎರಡು ಪಂದ್ಯ

ಜುಲೈ 14, ಸೋಮವಾರ

ಈ ಸಲದ ವಲಯ ಮಟ್ಟದ ಕ್ರೀಡಾಕೂಟ ನಮ್ಮ ಶಾಲೆಯ ಪಾಲಿಗೆ ಬಂದಿದೆ. ಹಿರಿಯ ಪ್ರಾಥಮಿಕ ವಿಭಾಗ, 14 ವರ್ಷದೊಳಗಿನವರು. ಆಗಸ್ಟ್ 6 ಮತ್ತು 7ಕ್ಕೆ ದಿನ ಗೊತ್ತಾಗಿದೆ. ಇಲ್ಲಿ ಗೆದ್ದವರು ತಾಲ್ಲೂಕಿಗೆ, ಅಲ್ಲಿಂದ ಜಿಲ್ಲೆ, ವಿಭಾಗ, ರಾಜ್ಯ. ಮೇಲೆ ಹೋಗುವವರ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನ್ನ ಮನಸ್ಸಿನಲ್ಲಿರುವುದು ಇಲ್ಲೇ ಉಳಿಯುವ ಮಕ್ಕಳು. ಅವರಲ್ಲಿ ಬಹುಪಾಲು ಮಂದಿಗೆ ಬೇರೆ ಊರಿನವರ ಎದುರು ಆಡಲು ವರ್ಷಕ್ಕೆ ಸಿಗುವುದು ಇದೊಂದೇ ಕೂಟ. ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು, ಹತ್ತೂವರೆಗೆಲ್ಲ ಸೋತು, ಸಂಜೆಯ ಬಸ್ಸು ಬರುವವರೆಗೆ ಕಾಂಪೌಂಡಿನ ಪಕ್ಕ ಸುಮ್ಮನೆ ಕೂರುವ ತಂಡಗಳನ್ನು ವರ್ಷವರ್ಷವೂ ನೋಡಿದ್ದೇನೆ. ಈ ಸಲ ವೇಳಾಪಟ್ಟಿ ಬರೆಯುವ ಕೆಲಸ ನನ್ನದು. ಪ್ರತಿ ತಂಡಕ್ಕೂ ಕನಿಷ್ಠ ಎರಡು ಪಂದ್ಯ ಸಿಗುವಂತೆ ಬರೆಯಬೇಕು.

ಜುಲೈ 18, ಶುಕ್ರವಾರ

ಪೂರ್ವಭಾವಿ ಸಭೆ. ಬಾಲಕಿಯರ ಕಬಡ್ಡಿಗೆ 12 ಶಾಲೆಗಳು ಹೆಸರು ಕೊಟ್ಟಿವೆ. ವಾಡಿಕೆಯಂತೆ ನಾಕೌಟ್ ಎಂದರೆ 11 ಪಂದ್ಯ, ನಾಲ್ಕು ತಂಡಕ್ಕೆ ಬೈ, ಅಂದರೆ ಆಡದೆಯೇ ಎರಡನೇ ಸುತ್ತಿಗೆ. ಮೊದಲ ಸುತ್ತಿಗೇ ನಾಲ್ಕು ತಂಡ ಹೊರಗೆ. ಬೈ ಸಿಕ್ಕವರೂ ತಮ್ಮ ಮೊದಲ ಆಟದಲ್ಲಿ ಸೋತರೆ ಒಟ್ಟು ಎಂಟು ಶಾಲೆಗಳಿಗೆ ಒಂದೇ ಪಂದ್ಯ.

"ಲೀಗ್ ಆಡಿಸಿದರೆ ವಾರ ಬೇಕಾಗುತ್ತೆ ಮೇಷ್ಟ್ರೇ" ಎಂದರು ಹಿರಿಯ ತೀರ್ಪುಗಾರರೊಬ್ಬರು. ಪೂರ್ಣ ಲೀಗ್ ಆದರೆ ಹೌದು, 66 ಪಂದ್ಯ. ನಾನು ಬೋರ್ಡಿನ ಮೇಲೆ ಬೇರೆ ಲೆಕ್ಕ ಬರೆದೆ. ಮೂರು ಮೂರು ತಂಡಗಳ ನಾಲ್ಕು ಗುಂಪು, ಗುಂಪಿಗೆ ಮೂರು ಪಂದ್ಯದಂತೆ 12. ಎರಡು ಸೆಮಿಫೈನಲ್, ಒಂದು ಫೈನಲ್. ಒಟ್ಟು 15, ನಾಕೌಟ್‌ಗಿಂತ ನಾಲ್ಕೇ ಹೆಚ್ಚು. ಒಂದರ ಬದಲು ಎರಡು ಅಂಕಣ ಹಾಕಿ, ಒಂದೊಂದು ಅವಧಿಯನ್ನು 15ರಿಂದ 10 ನಿಮಿಷಕ್ಕೆ ಇಳಿಸಿದರೆ, ವಿರಾಮವೂ ಸೇರಿ ಪಂದ್ಯಕ್ಕೆ ಅರ್ಧ ಗಂಟೆ. ಗುಂಪಿನ ಪಂದ್ಯಗಳೆಲ್ಲ ಮೂರು ಗಂಟೆಯಲ್ಲಿ ಮುಗಿಯುತ್ತವೆ.

ಅವಧಿ ಇಳಿಸಿದರೆ ಆಟದ ಸತ್ವ ಹೋಗುತ್ತದೆ ಎಂಬ ಆಕ್ಷೇಪ ಬಂತು. ಆ ಕಾಳಜಿ ನನಗೂ ಇದೆ. ಆದರೆ ಮೊದಲೇ ಸೋಲುವ ತಂಡದ ಕಡೆಯಿಂದ ನೋಡಬೇಕು. ನಾಕೌಟ್‌ನಲ್ಲಿ ಅವರಿಗೆ ಸಿಗುವುದು 30 ನಿಮಿಷದ ಆಟ, ಇದರಲ್ಲಿ 40. ಜೊತೆಗೆ, ಸೋತ ಮೇಲೆ ತಿದ್ದಿಕೊಂಡು ಆಡುವ ಇನ್ನೊಂದು ಅವಕಾಶ. ಸೆಮಿಫೈನಲ್ ಮತ್ತು ಫೈನಲ್‌ಗೆ ಪೂರ್ತಿ ಅವಧಿ ಇಡೋಣ ಎಂದ ಮೇಲೆ ಹಿರಿಯರೂ ಒಪ್ಪಿದರು. ಮೊದಲ ದಿನ ಬಾಲಕಿಯರ ಕಬಡ್ಡಿ, ಮರುದಿನ ಬಾಲಕರದು.

ಜುಲೈ 24, ಗುರುವಾರ

ನಿಯಮಗಳ ಕರಡು ಬರೆದೆ. ವಯಸ್ಸಿಗೆ ಶಾಲಾ ದಾಖಲಾತಿ ಪುಸ್ತಕದ ಜನ್ಮ ದಿನಾಂಕವೇ ಆಧಾರ. ಅರ್ಹತಾ ಪತ್ರದಲ್ಲಿ ಫೋಟೋ, ವಿದ್ಯಾರ್ಥಿಯ ಸ್ಯಾಟ್ಸ್ ಸಂಖ್ಯೆ, ಮುಖ್ಯ ಶಿಕ್ಷಕರ ಸಹಿ ಇರಬೇಕು. ಈ ಪರಿಶೀಲನೆ ಹಿಂದಿನ ದಿನವೇ ಮುಗಿಯಬೇಕು. ಹಿಂದೊಮ್ಮೆ ಒಂದು ಶಾಲೆಯ ಆಟಗಾರನ ವಯಸ್ಸಿನ ಬಗ್ಗೆ ಪಂದ್ಯದ ನಡುವೆ ತಕರಾರೆದ್ದು, ದೊಡ್ಡವರು ಕೂಗಾಡುತ್ತಿದ್ದಾಗ ಆ ಹುಡುಗ ಅಂಕಣದ ನಡುವೆ ತಲೆ ತಗ್ಗಿಸಿ ನಿಂತಿದ್ದ. ಕಾಗದದ ಜಗಳ ಮಕ್ಕಳ ಎದುರು ಆಗಬಾರದು.

ಓಟ, ಎಸೆತ, ಜಿಗಿತದಲ್ಲಿ ಫಲಿತಾಂಶ ಹೇಳಿದ 30 ನಿಮಿಷದೊಳಗೆ ಬರವಣಿಗೆಯಲ್ಲಿ ತಕರಾರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ. ದುಡ್ಡಿಲ್ಲದ ಶಾಲೆಗೂ ನ್ಯಾಯ ಕೇಳುವ ಹಕ್ಕಿದೆ.

ಸ್ಪೈಕ್ಸ್ ಬೇಡ ಎಂದೂ ಸೇರಿಸಿದೆ. ನಮ್ಮಲ್ಲಿ ಅರ್ಧ ಮಕ್ಕಳು ಬರಿಗಾಲಲ್ಲೇ ಓಡುತ್ತಾರೆ.

ಒಂದು ಮಗುವಿಗೆ ಮೂರು ವೈಯಕ್ತಿಕ ಸ್ಪರ್ಧೆ, ಒಂದು ರಿಲೇ, ಅಷ್ಟೇ. ಸಣ್ಣ ಶಾಲೆಗಳಲ್ಲಿ ಚುರುಕಾದ ಒಬ್ಬಳನ್ನೇ ಎಲ್ಲದಕ್ಕೂ ನಿಲ್ಲಿಸುತ್ತಾರೆ. 600 ಮೀಟರ್ ಓಡಿ ಏದುಸಿರು ಬಿಡುತ್ತಿರುವವಳನ್ನು ಉದ್ದ ಜಿಗಿತಕ್ಕೆ ಕರೆಯಬಾರದು. ಅದಕ್ಕೇ 600 ಮೀಟರನ್ನು ಬೆಳಗಿನ ಮೊದಲ ಸ್ಪರ್ಧೆಯಾಗಿ ಹಾಕಿ, ಜಿಗಿತವನ್ನು ಎರಡು ಗಂಟೆ ಮುಂದಕ್ಕೆ ತಳ್ಳಿದೆ.

ಜುಲೈ 31, ಗುರುವಾರ

ಬೆಳಿಗ್ಗೆ ಮಳೆ ಹೊಳವಾಗಿತ್ತು. ಏಳನೇ ತರಗತಿಯವರನ್ನು ಕರೆದುಕೊಂಡು 200 ಮೀಟರ್ ಟ್ರ್ಯಾಕ್ ಅಳೆದೆ. ಎಲ್ಲರೂ ಒಂದೇ ಗೆರೆಯಿಂದ ಹೊರಟರೆ ಹೊರಗಿನ ಪಥದವಳು ಹೆಚ್ಚು ದೂರ ಓಡಬೇಕಾಗುತ್ತದೆ. ಪಥದ ಅಗಲ 1.22 ಮೀಟರ್. ಒಂದು ಪೂರ್ತಿ ಸುತ್ತಿಗೆ ಅದನ್ನು ಎರಡು ಪೈಯಿಂದ ಗುಣಿಸಿದರೆ ಸುಮಾರು 7.67 ಮೀಟರ್. ನಮ್ಮದು ಬರೀ ಸುಣ್ಣದ ಗೆರೆ, ಒಳ ಅಂಚಿಗೆ ಕಟ್ಟೆಯಿಲ್ಲ. ಹಾಗಾಗಿ ಒಂದೊಂದು ಪಥಕ್ಕೂ ಇಷ್ಟಿಷ್ಟೇ ಮುಂದೆ ನಿಲ್ಲಿಸಿದರೆ ಸಾಕು. ನಾಲ್ಕನೇ ಪಥದವಳು ಸುಮಾರು 23 ಮೀಟರ್ ಮುಂದಿರುತ್ತಾಳೆ. "ಸಾರ್, ಅಷ್ಟು ಮುಂದೆ ನಿಂತರೆ ಮೋಸ ಅಲ್ವಾ?" ಎಂದಳೊಬ್ಬಳು. ಅವಳ ಕೈಗೇ ಟೇಪು ಕೊಟ್ಟೆ. ಹೊರಗಿನ ಪಥವನ್ನು ಸುತ್ತಿ ಅಳೆದು ಬಂದವಳು, ಉಳಿದವರಿಗೆ ತಾನೇ ವಿವರಿಸಿದಳು.

ಸುಣ್ಣ ಮಳೆಗೆ ತೊಳೆದುಹೋಗುತ್ತದೆ. ಅದಕ್ಕೆ ಗುರುತು ಗುರುತಿಗೂ ಮರದ ಗೂಟವನ್ನು ನೆಲಮಟ್ಟಕ್ಕೆ ಬಡಿಸಿದೆ. ವೇಳಾಪಟ್ಟಿಯಲ್ಲೂ ಮಳೆಗೆಂದು ದಿನಕ್ಕೆ ಒಂದು ಗಂಟೆ ಖಾಲಿ ಬಿಟ್ಟೆ. ಮಲೆನಾಡಿನ ಆಗಸ್ಟಿನಲ್ಲಿ ಮಳೆಯನ್ನು ಲೆಕ್ಕಕ್ಕೆ ಹಿಡಿಯದೆ ಪಟ್ಟಿ ಮಾಡುವುದು ಮಕ್ಕಳಿಗೆ ಮಾಡುವ ಅನ್ಯಾಯ.

ಆಗಸ್ಟ್ 6, ಬುಧವಾರ

ಒಂದನೇ ಅಂಕಣದಲ್ಲಿ ಮೊದಲ ಮತ್ತು ಮೂರನೇ ಗುಂಪು, ಎರಡನೆಯದರಲ್ಲಿ ಎರಡು ಮತ್ತು ನಾಲ್ಕು, ಸರದಿಯಂತೆ. ಹೀಗೆ ಹೆಣೆದಿದ್ದರಿಂದ ಯಾವ ತಂಡವೂ ಬೆನ್ನಿಗೆ ಬೆನ್ನು ಆಡಬೇಕಾಗಲಿಲ್ಲ, ಕನಿಷ್ಠ ಅರ್ಧ ಗಂಟೆ ಬಿಡುವು ಸಿಕ್ಕಿತು. ಹನ್ನೊಂದಕ್ಕೆ ಜೋರು ಮಳೆ. ಖಾಲಿ ಬಿಟ್ಟ ಗಂಟೆ ಕೈಹಿಡಿಯಿತು.

ಕಾಡಂಚಿನ ಶಾಲೆಯೊಂದರ ಹುಡುಗಿಯರು ಮೊದಲ ಪಂದ್ಯದಲ್ಲಿ ತೀರಾ ದೊಡ್ಡ ಅಂತರದಿಂದ ಸೋತರು. ರೈಡರ್ ಬಂದಾಗಲೆಲ್ಲ ಒಬ್ಬೊಬ್ಬರೇ ಮುನ್ನುಗ್ಗಿ ಔಟಾಗುತ್ತಿದ್ದರು. ಬಿಡುವಿನಲ್ಲಿ ಅವರ ಟೀಚರ್ ಜಗಲಿಯ ಮೇಲೆ ಅವರನ್ನು ಜೋಡಿ ಜೋಡಿಯಾಗಿ ಕೈ ಹಿಡಿಸಿ, ಸರಪಳಿ ಬಿಡದೆ ಸರಿಯುವುದನ್ನು ಹೇಳಿಕೊಟ್ಟರು. ಎರಡನೇ ಪಂದ್ಯವನ್ನೂ ಸೋತರು, ಆದರೆ ಮೂರೇ ಅಂಕಗಳಿಂದ. ಅಷ್ಟರಲ್ಲಿ ಆ ಮಕ್ಕಳು ಹೊಸದೊಂದು ಕಲಿತಿದ್ದರು. ನಾಕೌಟ್ ಆಗಿದ್ದರೆ ಆ ಜಗಲಿಯ ಪಾಠವನ್ನು ಆಡಿ ನೋಡಲು ಅವರಿಗೆ ಪಂದ್ಯವೇ ಇರುತ್ತಿರಲಿಲ್ಲ.

ಬಿಸಿಯೂಟ ಮುಗಿದು ಒಂದು ಗಂಟೆ ಕಳೆದ ಮೇಲೆಯೇ ಸೆಮಿಫೈನಲ್ ಶುರು ಮಾಡಿದೆವು.

ಆಗಸ್ಟ್ 8, ಶುಕ್ರವಾರ

ತಾಲ್ಲೂಕು ದೈಹಿಕ ಶಿಕ್ಷಣಾಧಿಕಾರಿಗಳಿಗೆ ವರದಿ ಬರೆದೆ. ಗೆದ್ದವರ ಪಟ್ಟಿಯ ಜೊತೆಗೆ ಪ್ರತಿ ಶಾಲೆ ಎಷ್ಟು ಪಂದ್ಯ ಆಡಿತೆಂಬ ಪಟ್ಟಿಯನ್ನೂ ಲಗತ್ತಿಸಿದ್ದೇನೆ. ಕೂಟ ಹೇಗೆ ನಡೆಯಿತೆಂದು ಅಳೆಯಲು ಎರಡೂ ಬೇಕು. ಮುಂದಿನ ವರ್ಷ ಎಲ್ಲ ವಲಯಗಳಲ್ಲೂ ಗುಂಪು ಲೀಗ್ ಇರಲಿ, ವಯಸ್ಸಿನ ಪರಿಶೀಲನೆ ಹಿಂದಿನ ದಿನವೇ ಮುಗಿಯಲಿ, ಮಳೆಗೆ ಸಮಯ ಬಿಡಲಿ ಎಂದು ಕೇಳಿದ್ದೇನೆ. ಇದಕ್ಕೆ ಹೆಚ್ಚಿನ ಅನುದಾನ ಬೇಕಿಲ್ಲ. ಇನ್ನೊಂದು ಅಂಕಣ, ಇನ್ನಿಬ್ಬರು ತೀರ್ಪುಗಾರರು, ಒಂದು ಸಂಜೆ ಕೂತು ಮಾಡುವ ಲೆಕ್ಕ ಸಾಕು. ಸೆಪ್ಟೆಂಬರಿನ ದೈಹಿಕ ಶಿಕ್ಷಕರ ಸಭೆಯಲ್ಲಿ ಇದನ್ನು ನಾನೇ ಮಂಡಿಸುತ್ತೇನೆ.