ಮಳೆಯಲ್ಲಿ ಮನೆ ತೋರಿಸಿ

ಕನಕಪುರವಾಗಲಿ, ಮಾಗಡಿಯಾಗಲಿ, ಮನೆ ಮಾರಲು ಹೊರಟವರು ಮೊದಲು ತೆರೆಯುವುದು ಪಂಚಾಂಗ. ಆಷಾಢ ಬೇಡ, ಪಿತೃಪಕ್ಷ ಬೇಡ, ಧನುರ್ಮಾಸ ಬೇಡ. ಇದನ್ನು ಹಳೆಯ ಕಾಲದ ಮಾತೆಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಕೊಂಡವರು ಅಲ್ಲಿ ಹಾಲುಕ್ಕಿಸಿ ಬಾಳಬೇಕು; ಒಳ್ಳೆಯ ಗಳಿಗೆ ಕೇಳುವುದು ಅವರ ಹಕ್ಕು.

ಕೊಳ್ಳುವವರ ಕೈಯಲ್ಲಿ ದುಡ್ಡಾಡುವ ಕಾಲವೂ ನಮ್ಮ ಸೀಮೆಯಲ್ಲಿ ಬೇರೆ. ರಾಗಿ ಬೆಳೆದವರಿಗೆ ಸುಗ್ಗಿ ವರ್ಷಕ್ಕೊಂದು, ಮಾವಿನ ತೋಟದವರಿಗೆ ಏಪ್ರಿಲ್, ಮೇ. ರೇಷ್ಮೆಯವರಿಗೆ ಹಾಗಲ್ಲ. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ ರಾಮನಗರದ ಮಾರುಕಟ್ಟೆಗೆ ಒಯ್ಯುವ ಮನೆಗೆ ವರ್ಷದಲ್ಲಿ ಹಲವು ಸಲ ಹಣ ಬರುತ್ತದೆ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ದಶಪಥ ಉದ್ಘಾಟನೆಯಾದ ಮೇಲೆ ರಾಮನಗರ, ಚನ್ನಪಟ್ಟಣಗಳು ರಾಜಧಾನಿಗೆ ಇನ್ನಷ್ಟು ಹತ್ತಿರವಾದವು. ಅಲ್ಲಿಂದ ಬರುವ ಸಂಬಳದಾರರದು ಮಕ್ಕಳ ಶಾಲೆಯ ಲೆಕ್ಕ: ಬೇಸಿಗೆ ರಜೆಯೊಳಗೆ ಎಲ್ಲ ಮುಗಿಯಬೇಕು. 2026ರಲ್ಲಿ ಆ ಲೆಕ್ಕವೂ ತಪ್ಪುತ್ತದೆ. ಮೇ ನಡುವಿನಿಂದ ಜೂನ್ ನಡುವಿನವರೆಗೆ ಅಧಿಕ ಜ್ಯೇಷ್ಠ.

ಎಲ್ಲರೂ ಕೈಬಿಡುವ ಪಿತೃಪಕ್ಷವೇ ಮನೆ ತೋರಿಸಲು ತಕ್ಕ ಕಾಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕಾರಣ ಮಳೆ. ನಮ್ಮ ಕಡೆ ಆಷಾಢದಲ್ಲಿ ಗಾಳಿಯೇ ಜಾಸ್ತಿ; ಜಡಿಮಳೆ ಹಿಡಿಯುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ತಾರಸಿ ಎಲ್ಲಿ ಸೋರುತ್ತದೆ, ಯಾವ ಗೋಡೆ ನೀರು ಕುಡಿದು ಉಬ್ಬುತ್ತದೆ, ಬೀದಿಯ ಚರಂಡಿ ಉಕ್ಕಿ ಹೊಸಿಲು ದಾಟುತ್ತದೆಯೇ, ಎಲ್ಲವೂ ಆಗ ಕಣ್ಣಿಗೆ ಬೀಳುತ್ತವೆ. ಮಾರ್ಚ್‌ನಲ್ಲಿ ಸುಣ್ಣ ಬಳಿದು ನಿಂತ ಗೋಡೆ ಯಾರಿಗೂ ಏನೂ ಹೇಳುವುದಿಲ್ಲ. ಹುಳು ಸಾಕಿದ ಹಳೆಯ ಮನೆಯಾದರಂತೂ ತೇವದ ಪರೀಕ್ಷೆ ಆಗಲೇಬೇಕು. ಮಳೆಯಲ್ಲಿ ನೋಡಿ ಒಪ್ಪಿದವರು ಬೆಲೆಗೆ ಕೊಸರಾಡಿದರೂ ಆಮೇಲೆ ಜಗಳಕ್ಕೆ ಬರುವುದಿಲ್ಲ. ಸೋರುವುದಿದ್ದರೆ ಮೊದಲೇ ಹೇಳಿ, ರಿಪೇರಿಯ ಖರ್ಚು ಬೆಲೆಯಲ್ಲಿ ಮುರಿದುಕೊಳ್ಳಿ. ಮಕ್ಕಳು ಮಲಗುವ ಮನೆಯ ವಿಷಯದಲ್ಲಿ ಮುಚ್ಚುಮರೆ ಸಲ್ಲದು.

ಪಿತೃಪಕ್ಷದ ಬಿಡುವು ಕಾಗದಪತ್ರಕ್ಕೂ ಒದಗುತ್ತದೆ. ಇ-ಖಾತೆ ಇಲ್ಲದೆ ಈಗ ನೋಂದಣಿಯಿಲ್ಲ. ಅಪ್ಪನ ಹೆಸರಲ್ಲೇ ಉಳಿದ ಖಾತೆ, ಅಣ್ಣತಮ್ಮಂದಿರ ವಿಭಾಗಪತ್ರ, ಮದುವೆಯಾಗಿ ಹೋದ ಅಕ್ಕತಂಗಿಯರ ಸಹಿ, ಇವಕ್ಕೆ ಮುಹೂರ್ತ ನೋಡಬೇಕಾಗಿಲ್ಲ, ಓಡಾಟ ಬೇಕು. ಋಣಭಾರ ಪತ್ರ ತೆಗೆಸಿ, ತೀರಿಸಿದ ಸಾಲ ಅದರಲ್ಲಿ ಇನ್ನೂ ಉಳಿದಿದೆಯೇ ನೋಡಿಕೊಳ್ಳಿ.

ನವರಾತ್ರಿ ಬಂದು ವಿಜಯದಶಮಿಗೆ ಅಡ್ವಾನ್ಸ್ ಪಡೆದು ಕರಾರು ಬರೆದರೆ, ಡಿಸೆಂಬರ್ ನಡುವೆ ಧನುರ್ಮಾಸ ಕೂರುವ ಮುನ್ನ ಕ್ರಯಪತ್ರ ಆಗುತ್ತದೆ. ಕೊಂಡವರು ಮಾಘದಲ್ಲಿ ಗೃಹಪ್ರವೇಶ ಇಟ್ಟುಕೊಳ್ಳಬಹುದು.