ಬಣ್ಣ ಇತ್ತೇ, ಅಪ್ಪಾ?

ಓಣಂ ರಜೆಗೆ ತಂಗಿಯ ಮನೆಗೆ ಹೋಗುವುದು ನಮ್ಮಲ್ಲಿ ಹಲವು ವರ್ಷಗಳಿಂದ ನಡೆದುಬಂದ ಪದ್ಧತಿ. ಅವಳ ಮನೆ ವಯನಾಡಿನ ಪೆರಿಕಲ್ಲೂರಿನಲ್ಲಿ. ಕಾಸರಗೋಡಿನಿಂದ ಕಣ್ಣೂರು, ಅಲ್ಲಿಂದ ಘಟ್ಟ ಹತ್ತಿ ಮಾನಂತವಾಡಿ, ಪುಲ್ಪಳ್ಳಿ; ಅದರಾಚೆ ಕಾಫಿ ಮತ್ತು ಕರಿಮೆಣಸಿನ ತೋಟಗಳ ನಡುವೆ ಸಾಗಿದ ರಸ್ತೆ ಕಬಿನಿ ಹೊಳೆಯ ದಂಡೆಯಲ್ಲಿ ಮುಗಿಯುತ್ತದೆ. ಆಚೆ ದಡ ಮೈಸೂರು ಜಿಲ್ಲೆಯ ಬೈರಕುಪ್ಪೆ. ದೋಣಿಯಲ್ಲಿ ಕುಳಿತರೆ ಕೆಲವೇ ನಿಮಿಷಗಳಲ್ಲಿ ರಾಜ್ಯ ಬದಲಾಗುತ್ತದೆ. ಕೇರಳದ ಹೆಚ್ಚಿನ ನದಿಗಳೆಲ್ಲ ಪಡುವಣ ಕಡಲಿಗಿಳಿದರೆ ಕಬಿನಿ ಮಾತ್ರ ಮೂಡಣಕ್ಕೆ ತಿರುಗಿ ಕಾವೇರಿಯನ್ನು ಸೇರುವ ಕೆಲವೇ ಹೊಳೆಗಳಲ್ಲೊಂದು. ಭಾವನ ಮನೆತನ ಮೂಲತಃ ಆಚೆ ದಡದ್ದು. ಆದುದರಿಂದ ಮನೆಯೊಳಗೆ ಕನ್ನಡ, ಅಂಗಳ ದಾಟಿದರೆ ಮಲೆಯಾಳ.

ತಂಗಿಯ ಮಗನಿಗೆ ಈ ಬಾರಿ ರಜೆಯಲ್ಲೇ ಏಳು ತುಂಬುವುದಿತ್ತು. ಹುಡುಗನಿಗೆ ಹಾಲು ಮತ್ತು ಮೊಟ್ಟೆ ಎರಡೂ ಆಗುವುದಿಲ್ಲ. ಇದು ಹಟವಲ್ಲ, ವ್ರತವೂ ಅಲ್ಲ, ಅಲರ್ಜಿ. ಎರಡು ವರ್ಷಗಳ ಹಿಂದೆ ಯಾರದೋ ಹುಟ್ಟುಹಬ್ಬದಲ್ಲಿ ಒಂದು ಚೂರು ಕೇಕ್ ತಿಂದವನ ತುಟಿ ಬಾತು, ಉಸಿರು ಕಟ್ಟಿ, ರಾತ್ರಿಯಲ್ಲಿ ಜೀಪು ಹಿಡಿದು ಆಸ್ಪತ್ರೆಗೆ ಓಡಿದ್ದರು. ಕೊಟ್ಟವರ ತಪ್ಪಿರಲಿಲ್ಲ. 'ಇದರಲ್ಲಿ ಮೊಟ್ಟೆ ಇಲ್ಲ' ಎಂದು ಅವರು ನಂಬಿಕೆಯಿಂದಲೇ ಹೇಳಿದ್ದರು. ಬೆಣ್ಣೆಯ ಮಾತು ಯಾರಿಗೂ ಹೊಳೆದಿರಲಿಲ್ಲ. ಅಂದಿನಿಂದ ಅವನು ಏನನ್ನೇ ಕೈಗೆ ಕೊಟ್ಟರೂ ತಿನ್ನುವ ಮೊದಲು ಕೊಟ್ಟವರ ಮುಖ ನೋಡಿ ಕೇಳುತ್ತಾನೆ: "ನಾನು ಇದನ್ನು ತಿನ್ನಬಹುದೇ?"

ಈ ಸಲ ಅವನಿಗೆ ಬೇಕಾದುದು ಡೋನಟ್. ಸುಲ್ತಾನ್ ಬತ್ತೇರಿಯ ಅಂಗಡಿಯೊಂದರ ಗಾಜಿನ ಹಿಂದೆ ಗುಲಾಬಿ, ನೀಲಿ, ಹಳದಿ ಬಣ್ಣಗಳಲ್ಲಿ ಸಾಲಾಗಿಟ್ಟುದನ್ನು ಕಂಡಿದ್ದನಂತೆ. ಕನ್ನಡ ಮಾಧ್ಯಮದ ಎಂಟನೆಯ ತರಗತಿಯಲ್ಲಿರುವ ನನ್ನ ಮಗಳು ಫೋನಿನಲ್ಲೇ ಅವನಿಗೆ ಮಾತು ಕೊಟ್ಟುಬಿಟ್ಟಳು: "ನಾನು ಬರುತ್ತೇನೆ, ಮಾಡಿಕೊಡುತ್ತೇನೆ." ಅನಂತರ ನನ್ನ ಕಡೆ ತಿರುಗಿ, "ಅಪ್ಪಾ, ಬಾಟಲಿಯ ಬಣ್ಣ ಮಾತ್ರ ತರಬೇಡಿ" ಎಂದಳು.

ಅವಳು ಹಾಗೆ ಹೇಳಿದುದಕ್ಕೆ ಕಾರಣವಿತ್ತು. ಅದನ್ನು ಬರೆಯಲು ನನಗೆ ಸ್ವಲ್ಪ ಸಂಕೋಚ.

ಕೆಲವು ತಿಂಗಳ ಹಿಂದೆ ನಾನು ಒಬ್ಬ ಸಣ್ಣ ಬೇಕರಿಯವರ ಪರವಾಗಿ ವಾದಿಸಿದ್ದೆ. ಹೆಸರು, ಊರು ಹೇಳುವಂತಿಲ್ಲ. ಕಕ್ಷಿದಾರರ ವಿಶ್ವಾಸ ಕಾಯುವುದು ನಮ್ಮ ವೃತ್ತಿಯ ಮೊದಲ ನಿಯಮ. ಮಕ್ಕಳ ಮಿಠಾಯಿಯೊಂದರಲ್ಲಿ ಅನುಮತಿಯಿಲ್ಲದ ಬಣ್ಣ ಬೆರೆಸಿದ ಆರೋಪ ಅವರ ಮೇಲಿತ್ತು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ ಪ್ರಕಾರ ಮಾದರಿ ಕೈಸೇರಿದ 14 ದಿನಗಳೊಳಗೆ ಆಹಾರ ವಿಶ್ಲೇಷಕರು ವರದಿ ಕಳುಹಿಸಬೇಕು. ಈ ಪ್ರಕರಣದಲ್ಲಿ ವರದಿ ಬಹಳ ತಡವಾಗಿ ಬಂದಿತ್ತು. ನಾನು ಅದನ್ನೇ ಹಿಡಿದೆ, ಗೆದ್ದೆ. ಆ ಸಂಜೆ ಮನೆಯಲ್ಲಿ ಸಂತೋಷದಿಂದ ಸಂಗತಿ ಹೇಳುತ್ತಿದ್ದಾಗ ಮಗಳು ಊಟದ ತಟ್ಟೆಯಿಂದ ತಲೆಯೆತ್ತಿ ಕೇಳಿದಳು: "ಹಾಗಾದರೆ ಆ ಮಿಠಾಯಿಯಲ್ಲಿ ಬಣ್ಣ ಇತ್ತೇ, ಅಪ್ಪಾ?"

"ಅದು ಸಾಬೀತಾಗಲಿಲ್ಲ" ಎಂದೆ.

"ಅದಲ್ಲ. ಇತ್ತೇ, ಇಲ್ಲವೇ?"

ನ್ಯಾಯಾಲಯದಲ್ಲಿ ಇಂತಹ ಪ್ರಶ್ನೆಗೆ ಆಕ್ಷೇಪಣೆ ಎತ್ತಬಹುದು. ಊಟದ ಮನೆಯಲ್ಲಿ ಆ ಸೌಕರ್ಯವಿಲ್ಲ.

ಈ ಭಾರವನ್ನು ಹೊತ್ತೇ ನಾನು ಪೆರಿಕಲ್ಲೂರಿನ ಬಸ್ಸಿನಿಂದಿಳಿದೆ. ಕೈಚೀಲದಲ್ಲಿ ಒಣಗಿಸಿದ ಪುನರ್ಪುಳಿ ಸಿಪ್ಪೆ, ಒಂದು ಪೊಟ್ಟಣ ಅಗಸೆ ಬೀಜ, ಯೀಸ್ಟ್ ಇದ್ದವು.

ಹಾಲು, ಬೆಣ್ಣೆ, ಮೊಟ್ಟೆ, ಜೇನು ಇವಾವುವೂ ಇಲ್ಲದ ಆಹಾರಕ್ಕೆ ಇಂದು 'ವೀಗನ್' ಎನ್ನುತ್ತಾರೆ. ಶಬ್ದ ಹುಟ್ಟಿದ್ದು 1944ರಲ್ಲಿ, ಇಂಗ್ಲೆಂಡಿನಲ್ಲಿ. ನಮ್ಮ ಅಡುಗೆಮನೆಗೆ ಶಬ್ದ ಹೊಸತಾದರೂ ವಸ್ತು ಹೊಸತಲ್ಲ. ಬೆಲ್ಲ ಮತ್ತು ತೆಂಗಿನಕಾಯಿ ಹಾಲಿನ ಪಾಯಸ, ಅರಸಿನ ಎಲೆಯಲ್ಲಿ ಬೇಯಿಸಿದ ಕಡುಬು ಇವುಗಳನ್ನು ತಿನ್ನುವಾಗ ನಾವು ಯಾರೂ ಹೆಸರು ಕೇಳಿದವರಲ್ಲ. ಭಾವನ ತಾಯಿಗೆ ಮಗಳು ಫೋನಿನಲ್ಲಿ ಡೋನಟ್‌ನ ಚಿತ್ರ ತೋರಿಸಿದಾಗ ಅವರು ಕನ್ನಡಕ ಸರಿಪಡಿಸಿಕೊಂಡು, "ಇದು ಸಿಹಿ ಕೋಡುಬಳೆ, ಅಷ್ಟೇ. ತೆಂಗಿನಹಾಲು ನಾನು ಹಿಂಡಿಕೊಡುತ್ತೇನೆ ಬಾ ಮಗಾ" ಎಂದರು.

ಮೊದಲ ಪ್ರಯತ್ನ ಕೆಟ್ಟಿತು, ಅದೂ ನನ್ನಿಂದಲೇ. ಯೀಸ್ಟ್ ಒಂದು ಜೀವಿ. ಬೆಚ್ಚಗಿನ ದ್ರವದಲ್ಲಿ ಅದು ಎಚ್ಚರಗೊಂಡು ಹಿಟ್ಟನ್ನು ಉಬ್ಬಿಸುತ್ತದೆ. ಸುಡುವ ದ್ರವದಲ್ಲಿ ಸಾಯುತ್ತದೆ. ನಾನು ಅವಸರದಲ್ಲಿ ಒಲೆಯಿಂದಿಳಿಸಿದ ತೆಂಗಿನಹಾಲನ್ನೇ ಸುರಿದಿದ್ದೆ. ಎರಡು ಗಂಟೆ ಕಾದರೂ ಹಿಟ್ಟು ಕದಲಲಿಲ್ಲ. ಅಜ್ಜಿ ಆ ಹಿಟ್ಟನ್ನು ವ್ಯರ್ಥವಾಗಲು ಬಿಡದೆ ಲಟ್ಟಿಸಿ ಕಾವಲಿಯ ಮೇಲೆ ಸುಟ್ಟರು. ಚಹಾದೊಂದಿಗೆ ನಾವೇ ತಿಂದು ಮುಗಿಸಿದೆವು.

ಎರಡನೆಯ ಸಲದ ಅಳತೆಯನ್ನು ಮಗಳು ಪುಸ್ತಕದಲ್ಲಿ ಬರೆದಿಟ್ಟಿದ್ದಾಳೆ. ಮಾಡಬಯಸುವ ಮನೆಗಳಿಗಾಗಿ ಇಲ್ಲಿ ಕೊಡುತ್ತಿದ್ದೇನೆ. ಒಂದು ಚಮಚ ಅಗಸೆ ಪುಡಿಯನ್ನು ಮೂರು ಚಮಚ ನೀರಿನಲ್ಲಿ ಕಲಸಿ ಹತ್ತು ನಿಮಿಷ ಬಿಟ್ಟರೆ ಅದು ಲೋಳೆಯಾಗುತ್ತದೆ. ಹಿಟ್ಟನ್ನು ಹಿಡಿದಿಡುವ ಮೊಟ್ಟೆಯ ಕೆಲಸವನ್ನು ಅದು ಮಾಡುತ್ತದೆ. ಮೈದಾ 300 ಗ್ರಾಂ, ಸಕ್ಕರೆ 50 ಗ್ರಾಂ, ಅರ್ಧ ಟೀ ಚಮಚ ಉಪ್ಪು, ಒಂದು ಟೀ ಚಮಚ ಯೀಸ್ಟ್. ಇವಕ್ಕೆ ಅಗಸೆಯ ಲೋಳೆ ಮತ್ತು ಬೆರಳದ್ದಿದರೆ ಹಿತವೆನಿಸುವಷ್ಟು ಮಾತ್ರ ಬೆಚ್ಚಗಿನ ತೆಂಗಿನಹಾಲು 150 ಮಿಲಿಲೀಟರ್. ಕಲಸಿದ ಮೇಲೆ ಮೂರು ಚಮಚ ತೆಂಗಿನೆಣ್ಣೆ ಸೇರಿಸಿ ಹತ್ತು ನಿಮಿಷ ಚೆನ್ನಾಗಿ ನಾದಬೇಕು. ಹಿಟ್ಟು ಮೊದಲು ಕೈಗೆ ಅಂಟುತ್ತದೆ. ಹೆದರಿ ಮೈದಾ ಸುರಿಯಬಾರದು, ನಾದುತ್ತ ಹೋದಂತೆ ತಾನೇ ಬಿಡುತ್ತದೆ. ಮುಚ್ಚಿಟ್ಟು, ಇಮ್ಮಡಿಯಾಗುವವರೆಗೆ ಕಾಯಬೇಕು. ಕಾಸರಗೋಡಿನ ಸೆಕೆಯಲ್ಲಿ ಒಂದು ಗಂಟೆ ಸಾಕಾದೀತು. ವಯನಾಡಿನ ಚಳಿಗಾಳಿಗೆ ಎರಡು ಗಂಟೆ ಬೇಕಾಯಿತು. ಆಮೇಲೆ ಅರ್ಧ ಇಂಚು ದಪ್ಪಕ್ಕೆ ಲಟ್ಟಿಸಿ, ಸ್ಟೀಲಿನ ಲೋಟದಿಂದ ವೃತ್ತ ಕತ್ತರಿಸಿ, ಬಾಟಲಿಯ ಮುಚ್ಚಳದಿಂದ ನಡುವೆ ತೂತು ಮಾಡಿ, ಮತ್ತೆ ಅರ್ಧ ಗಂಟೆ ಉಬ್ಬಲು ಬಿಟ್ಟೆವು. ಮೊದಲೇ ಕಾಯಿಸಿಟ್ಟ ಓವನ್‌ನಲ್ಲಿ 180 ಡಿಗ್ರಿಯಲ್ಲಿ ಹದಿಮೂರು ನಿಮಿಷ ಬೇಯಿಸಿದೆವು. ಹತ್ತು ಡೋನಟ್ ಆದವು. ಎಣ್ಣೆಯಲ್ಲಿ ಕರಿದ ಅಂಗಡಿಯ ಡೋನಟ್‌ನಷ್ಟು ಹಗುರಾಗಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಸಿಹಿ ಬನ್ನಿನ ಗುಣ, ತೆಂಗಿನ ಪರಿಮಳ.

ಇನ್ನು ಬಣ್ಣ. ಮೇಲ್ಲೇಪಕ್ಕೆ ಬೇಕಾದುದು ಪುಡಿಮಾಡಿದ ಸಕ್ಕರೆ ಮತ್ತು ಸ್ವಲ್ಪವೇ ಸ್ವಲ್ಪ ದ್ರವ. 100 ಗ್ರಾಂ ಸಕ್ಕರೆಗೆ ಒಂದೂವರೆ ಚಮಚದಿಂದ ಎರಡು ಚಮಚ. ಆ ದ್ರವವೇ ಬಣ್ಣದ್ದಾದರೆ ಕೆಲಸ ಮುಗಿಯಿತು. ಮಕ್ಕಳಿಬ್ಬರೂ ಬಣ್ಣ ಹುಡುಕಲು ಹಿತ್ತಲಿಗೆ ಹೊರಟರು.

ಬೇಲಿಯ ಶಂಖಪುಷ್ಪದ ಎಸಳುಗಳನ್ನು ಬಿಸಿನೀರಿನಲ್ಲಿ ಹಾಕಿದರೆ ಕಡು ನೀಲಿ. ಅದಕ್ಕೆ ನಾಲ್ಕು ಹನಿ ಲಿಂಬೆರಸ ಬಿದ್ದೊಡನೆ ನೇರಳೆಯಾಯಿತು. ಹುಡುಗ ಕುಣಿದಾಡಿದ. ಶಂಖಪುಷ್ಪದ ಬಣ್ಣದ್ರವ್ಯ ಹುಳಿಗೆ ಒಂದು ರೂಪ, ಹುಳಿಯಿಲ್ಲದಲ್ಲಿ ಇನ್ನೊಂದು ರೂಪ ತಾಳುತ್ತದೆ. ಅರಸಿನದ್ದೂ ಇದೇ ಜಾತಿಯ ಗುಟ್ಟು: ಸುಣ್ಣ ತಾಗಿದರೆ ಕೆಂಪು. ಆರತಿಯ ತಟ್ಟೆಯ ಓಕುಳಿ ನೀರನ್ನು ಕಂಡ ನಮ್ಮ ಮಕ್ಕಳಿಗೆ ಇದನ್ನು ವಿಜ್ಞಾನದ ಪಾಠವಾಗಿ ಹೇಳಿಕೊಡುವುದು ಎಷ್ಟು ಸುಲಭ! ತಂಗಿಯ ಮನೆಯಲ್ಲಿ ಕುಡಿಯುವ ನೀರಿಗೆ ಪದಿಮುಗಂ ಚಕ್ಕೆ ಹಾಕಿ ಕುದಿಸುತ್ತಾರೆ; ಕೇರಳದ ಹೋಟೆಲುಗಳಲ್ಲಿ ಸಿಗುವ ಗುಲಾಬಿ ನೀರು ಅದೇ. ಅದಕ್ಕೂ ಲಿಂಬೆ ಹಿಂಡಿ ನೋಡಿದರು; ಗುಲಾಬಿ ಮಾಯವಾಗಿ ಹಳದಿ ಉಳಿಯಿತು. ಬೀಟ್‌ರೂಟ್ ರಸವನ್ನು ಕುದಿಸಿದಾಗ ಬಣ್ಣ ಮಂಕಾಯಿತು, ಹಸಿಯಾಗಿ ಬೆರೆಸಿದಾಗ ಹೊಳೆಯಿತು. ನಾನು ಕೊಂಡೊಯ್ದಿದ್ದ ಪುನರ್ಪುಳಿ ಸಿಪ್ಪೆಯನ್ನು ರಾತ್ರಿ ನೆನೆಹಾಕಿದ್ದರಿಂದ ಬಂದ ಕೆಂಪು ಎಲ್ಲಕ್ಕಿಂತ ರುಚಿಯಾಗಿತ್ತು. ಸಕ್ಕರೆಯ ಮಂದ ಸಿಹಿಯ ಮೇಲೆ ಅದರ ಹುಳಿ ಚೆನ್ನಾಗಿ ಕುಳಿತಿತು.

ಹಿತ್ತಲ ಚಪ್ಪರದಲ್ಲಿ ಬಸಳೆ ಹಣ್ಣು ಕಪ್ಪಾಗಿತ್ತು. ಅದನ್ನು ಕಂಡಾಗ ನನಗೆ ನನ್ನ ಪ್ರಾಥಮಿಕ ಶಾಲೆ ನೆನಪಾಯಿತು. ಬಸಳೆ ಹಣ್ಣನ್ನು ಹಿಸುಕಿ, ಕಡ್ಡಿಯದ್ದಿ, ಸ್ಲೇಟಿನ ಚೌಕಟ್ಟಿನ ಮೇಲೆ ಹೆಸರು ಬರೆಯುತ್ತಿದ್ದೆವು. ಅಳಿಯನಿಗೆ ಅದನ್ನು ಹೇಳಿದೆ. ಮಗಳು ತಟ್ಟನೆ ಕಡ್ಡಿಯೊಂದನ್ನು ಬಸಳೆಯ ರಸದಲ್ಲದ್ದಿ ಕಾಗದದ ಮೇಲೆ 'ನೀಲಿ', 'ಹಳದಿ', 'ಕೆಂಪು' ಎಂದು ಬರೆದಳು. ಕನ್ನಡವನ್ನು ಮನೆಯಲ್ಲಿ ಆಡುವ, ಆದರೆ ಓದಲು ಬಾರದ ಹುಡುಗ ಒಂದೊಂದೇ ಅಕ್ಷರದ ಮೇಲೆ ಬೆರಳಾಡಿಸಿದ. ಆ ಮಧ್ಯಾಹ್ನ ಅವನು ಕಲಿತ ಅಕ್ಷರಗಳು ಹತ್ತಕ್ಕಿಂತ ಕಡಿಮೆಯಿಲ್ಲ.

ವಕೀಲನಾಗಿ ಎರಡು ಮಾತು ಹೇಳಬೇಕು. ಎಲ್ಲ ಕೃತಕ ಬಣ್ಣವೂ ನಿಷಿದ್ಧವೆಂದಲ್ಲ. ನಮ್ಮ ದೇಶದಲ್ಲಿ ಎಂಟು ಕೃತಕ ಬಣ್ಣಗಳಿಗೆ ಅನುಮತಿಯಿದೆ. ನಿಗದಿಪಡಿಸಿದ ತಿನಿಸುಗಳಲ್ಲಿ ಮಾತ್ರ, ಬಹುಪಾಲು ಒಂದು ಕಿಲೋಗೆ 100 ಮಿಲಿಗ್ರಾಂ ಮೀರದಂತೆ. ಬಟ್ಟೆಗೆ ಹಾಕುವ ರೋಡಮಿನ್-ಬಿ ಆ ಪಟ್ಟಿಯಲ್ಲಿಲ್ಲ. 2024ರ ಫೆಬ್ರವರಿಯಲ್ಲಿ ತಮಿಳುನಾಡು ಅದು ಬೆರೆತ ಬೊಂಬಾಯಿ ಮಿಠಾಯಿಯನ್ನು ನಿಷೇಧಿಸಿತು. ಮಾರ್ಚ್‌ನಲ್ಲಿ ಕರ್ನಾಟಕ ಬೊಂಬಾಯಿ ಮಿಠಾಯಿ ಮತ್ತು ಗೋಬಿ ಮಂಚೂರಿಗಳಲ್ಲಿ ಅದರ ಬಳಕೆಯನ್ನು ನಿಲ್ಲಿಸಿತು. ಹಾಗೆಯೇ 'ನೈಸರ್ಗಿಕ' ಎಂದೊಡನೆ ಕಣ್ಣುಮುಚ್ಚಬೇಕಾಗಿಯೂ ಇಲ್ಲ. ಹೊಳಪಿಗಾಗಿ ಸೀಸದ ಕ್ರೋಮೇಟ್ ಬೆರೆಸಿದ ಅರಸಿನ ಪುಡಿ ಮಾರುಕಟ್ಟೆಯಲ್ಲಿ ಸಿಕ್ಕಿಬಿದ್ದುದುಂಟು. ನಾವು ಬಳಸಿದ್ದು ಭಾವನ ತೋಟದ ಅರಸಿನ. ವೀಗನ್ ಆಹಾರಕ್ಕೆ 2022ರಿಂದ ಪ್ರತ್ಯೇಕ ನಿಯಮಗಳಿವೆ, ಗುರುತೂ ಇದೆ. ಆದರೂ ಅಲರ್ಜಿಯಿರುವ ಮಕ್ಕಳ ಹೆತ್ತವರು ಗುರುತೊಂದನ್ನೇ ನಂಬದೆ ಪೊಟ್ಟಣದ ಹಿಂದಿನ ಸಣ್ಣ ಅಕ್ಷರಗಳನ್ನು ಓದಬೇಕು. ಹಾಲು, ಮೊಟ್ಟೆ, ನೆಲಗಡಲೆ ಮುಂತಾದವು ಇದ್ದರೆ ಅಲ್ಲಿ ತಿಳಿಸಲೇಬೇಕೆಂದು ಕಾನೂನಿದೆ. ಹೊಸ ಪದಾರ್ಥವೊಂದನ್ನು ಕೊಡುವ ಮೊದಲು ವೈದ್ಯರನ್ನು ಕೇಳುವುದೂ ಒಳ್ಳೆಯದು; ಅಗಸೆ ಬೀಜದ ವಿಷಯದಲ್ಲಿ ತಂಗಿ ಹಾಗೆಯೇ ಮಾಡಿದ್ದಳು. ಮತ್ತು ಬಣ್ಣ ಹೂವಿನದಾದರೂ ಲೇಪವೆಲ್ಲ ಸಕ್ಕರೆಯೇ. ಇದು ಹಬ್ಬದ ತಿನಿಸು, ನಿತ್ಯದ್ದಲ್ಲ.

ಹುಟ್ಟುಹಬ್ಬದ ಸಂಜೆ ನೆರೆಮನೆಯ ಮಕ್ಕಳೆಲ್ಲ ಸೇರಿದರು. ಹತ್ತು ಡೋನಟ್‌ಗಳನ್ನು ಬಾಳೆಲೆಯ ಮೇಲೆ ಸಾಲಾಗಿಟ್ಟಿದ್ದೆವು. ಹುಡುಗ ನೀಲಿಯದ್ದನ್ನು ಎತ್ತಿಕೊಂಡ, ಬಾಯಿಯ ಬಳಿಗೆ ತಂದ, ನಿಲ್ಲಿಸಿದ. ನನ್ನ ಮುಖ ನೋಡಿದ.

"ಮಾವ, ನಾನು ಇದನ್ನು ತಿನ್ನಬಹುದೇ?"

ಇಪ್ಪತ್ತು ವರ್ಷಗಳಿಂದ ನಾನು ಮಾತನ್ನೇ ಜೀವನೋಪಾಯ ಮಾಡಿಕೊಂಡವನು. ಎದುರು ಪಕ್ಷದವರು ರುಜುವಾತುಪಡಿಸಲಿ ಎಂದು ಸುಮ್ಮನೆ ಕೂರುವುದು ನನ್ನ ಕಕ್ಷಿದಾರನ ಹಕ್ಕು. ಆ ಹಕ್ಕಿಲ್ಲದೆ ನ್ಯಾಯವಿಲ್ಲ ಎಂದು ಇಂದಿಗೂ ನಂಬಿದ್ದೇನೆ. ಆದರೆ ತಿನ್ನಲು ಕೊಟ್ಟವನಿಗೆ ಆ ಹಕ್ಕಿಲ್ಲ. ಅಲ್ಲಿ ರುಜುವಾತಿನ ಹೊಣೆ ಕೊಟ್ಟವನದ್ದೇ. ನಾನು ಮನಸ್ಸಿನಲ್ಲೇ ಪಟ್ಟಿ ಓದಿಕೊಂಡೆ: ಮೈದಾ, ಸಕ್ಕರೆ, ಉಪ್ಪು, ಯೀಸ್ಟ್, ಅಗಸೆ, ತೆಂಗು, ಶಂಖಪುಷ್ಪ. ಪಾತ್ರೆ ಮತ್ತು ತಟ್ಟೆಗಳನ್ನು ತಂಗಿಯೇ ತೊಳೆದಿದ್ದಳು.

"ತಿನ್ನಬಹುದು ಮಗಾ" ಎಂದೆ.

ಅವನು ಕಚ್ಚಿದ. ತಂಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು, ಅವನು ಎರಡನೆಯ ತುತ್ತು ನುಂಗುವವರೆಗೂ ಕದಲಲಿಲ್ಲ. ಅವನ ತುಟಿ ನೀಲಿಯಾದುದನ್ನು ಕಂಡು ಒಂದು ಕ್ಷಣ ಬೆಚ್ಚಿದಳು. ಅದು ಹೂವಿನ ಬಣ್ಣವೆಂದು ತಿಳಿದಾಗ ಕುಳಿತುಬಿಟ್ಟು ನಕ್ಕಳು.

ಊರಿಗೆ ಮರಳಿದ ಮೇಲೆ ಆ ಬೇಕರಿಯವರು ಉಳಿದ ಶುಲ್ಕ ಕೊಡಲು ಕಚೇರಿಗೆ ಬಂದರು. ನಾನು ಮೊದಲ ಬಾರಿಗೆ ಮಗಳ ಪ್ರಶ್ನೆಯನ್ನು ಅವರಿಗೆ ಕೇಳಿದೆ. ಅವರು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವಂತಿಲ್ಲ. ಅನುಮತಿಯಿರುವ ಬಣ್ಣಗಳ ಪಟ್ಟಿಯನ್ನು ಕನ್ನಡದಲ್ಲಿ ಬರೆಸಿಟ್ಟಿದ್ದೆ, ಕೊಟ್ಟೆ. ಅದರ ಕೆಳಗೆ ಮಗಳು ತನ್ನ ಅಕ್ಷರದಲ್ಲಿ ಪುನರ್ಪುಳಿ, ಬೀಟ್‌ರೂಟ್, ಶಂಖಪುಷ್ಪದ ಅಳತೆಗಳನ್ನು ಸೇರಿಸಿದ್ದಳು. ಅವರು ನಿಧಾನವಾಗಿ ಕೊನೆಯವರೆಗೂ ಓದಿದರು. "ಪುನರ್ಪುಳಿ ನಮ್ಮ ಹಿತ್ತಲಲ್ಲೇ ಇದೆ" ಎಂದು ಹೇಳಿ, ಕಾಗದವನ್ನು ಮಡಚಿ ಜೇಬಿನಲ್ಲಿಟ್ಟುಕೊಂಡರು.