ಪಟ್ಟಿಯ ಯಜಮಾನಿಕೆ

ಮನೆಯ ಯಜಮಾನಿಕೆ ನನಗೆ ಯಾವತ್ತೂ ಸಿಕ್ಕಿದ್ದಲ್ಲ. ಮೊದಲು ಅಮ್ಮನ ಕೈಯಲ್ಲಿತ್ತು, ಆಮೇಲೆ ಹೆಂಡತಿಯ ಕೈಗೆ ಹೋಯಿತು. ಲೋಕದಲ್ಲಿ ನನ್ನನ್ನು ಯಜಮಾನ ಎಂದು ಒಪ್ಪಿಕೊಂಡದ್ದು ಮೇಲ್‌ಮ್ಯಾನ್ ಎಂಬ ತಂತ್ರಾಂಶ ಒಂದೇ. ಮಂಗಳೂರಿನ ನಮ್ಮ ಓದುಗ ಬಳಗದ ಇ-ಮೇಲ್ ಪಟ್ಟಿ ನಡೆಯುವುದು ಅದರಲ್ಲಿ. ಯಾರಾದರೂ ಒಂದು ವಿಳಾಸಕ್ಕೆ ಬರೆದರೆ ಸಾಕು, ಬಿಜೈಯಿಂದ ಸುರತ್ಕಲ್‌ವರೆಗೆ, ಮುಂಬಯಿಯಿಂದ ಮಸ್ಕತ್ತಿನವರೆಗೆ ಇರುವ ಸದಸ್ಯರಿಗೆಲ್ಲ ಅದು ಮುಟ್ಟುತ್ತದೆ. ಸರ್ವರ್ ಬಾಡಿಗೆಯದ್ದು, ಬೀಗದ ಕೈ ಮಾತ್ರ ನನ್ನದು. ಹಾಗಾಗಿ ತಂತ್ರಾಂಶದ ಪ್ರಕಾರ ನಾನು ‘ಲಿಸ್ಟ್ ಓನರ್’. ಈ ಪದವಿಗೆ ಸಂಬಳವಿಲ್ಲ, ಸನ್ಮಾನವಿಲ್ಲ. ಸದಸ್ಯರ ಬೈಗುಳ ಮತ್ತು ಜಗತ್ತಿನ ಎಲ್ಲ ಲಾಟರಿಗಳ ಬಹುಮಾನದ ಸುದ್ದಿ ನೇರವಾಗಿ ಬಂದು ಬೀಳುವುದು ಓನರ್ ವಿಳಾಸಕ್ಕೇ.

ಇ-ಮೇಲ್ ಪಟ್ಟಿಗಳ ಚರಿತ್ರೆ ಎಂದರೆ ಇಂಥ ಯಜಮಾನರು ತಮ್ಮ ಕೆಲಸವನ್ನು ಯಂತ್ರದ ತಲೆಗೆ ಕಟ್ಟುತ್ತಾ ಬಂದ ಚರಿತ್ರೆ. 1975ರಲ್ಲಿ ಅಮೆರಿಕದ ಅರ್ಪಾನೆಟ್ ಎಂಬ ಗಣಕಜಾಲದಲ್ಲಿ ಮೊದಲ ಪಟ್ಟಿ ಶುರುವಾದಾಗ ಹೆಸರು ಸೇರಿಸುವುದು, ತೆಗೆಯುವುದು ಎಲ್ಲವೂ ಕೈಕೆಲಸ. 1986ರಲ್ಲಿ ಪ್ಯಾರಿಸ್ಸಿನ ವಿದ್ಯಾರ್ಥಿ ಎರಿಕ್ ಥಾಮಸ್ ಲಿಸ್ಟ್‌ಸರ್ವ್ ಎಂಬ ತಂತ್ರಾಂಶ ಬರೆದರು. ಒಂದು ಸಾಲಿನ ಆಜ್ಞೆ ಕಳಿಸಿದರೆ ಸದಸ್ಯರು ತಾವೇ ಸೇರಬಹುದು, ತಾವೇ ಹೊರಡಬಹುದು ಎಂದಾಯಿತು. 1992ರಲ್ಲಿ ಬ್ರೆಂಟ್ ಚಾಪ್ಮನ್ ಅವರ ಮೇಜರ್‌ಡೋಮೊ ಬಂತು. ನಮ್ಮ ಮೇಲ್‌ಮ್ಯಾನ್ ಹುಟ್ಟಿದ್ದು ಮಾತ್ರ ಹಾಡಿನ ಹುಚ್ಚಿನಿಂದ. ಡೇವ್ ಮ್ಯಾಥ್ಯೂಸ್ ಬ್ಯಾಂಡ್ ಎಂಬ ಸಂಗೀತ ತಂಡದ ಅಭಿಮಾನಿಗಳಿಗಾಗಿ ಜಾನ್ ವೀಗಾ ಎಂಬ ವಿದ್ಯಾರ್ಥಿ ಅದನ್ನು ಪೈಥಾನ್ ಎಂಬ ಗಣಕಭಾಷೆಯಲ್ಲಿ ಕಟ್ಟಿದರು. 1998ರ ಸುಮಾರಿಗೆ ಅವರ ಹಾರ್ಡ್ ಡಿಸ್ಕ್ ಕೆಟ್ಟು ಮೂಲ ಸಂಕೇತವೇ ಕೈಬಿಟ್ಟು ಹೋಯಿತು. ಕೆನ್ ಮ್ಯಾನ್‌ಹೈಮರ್ ಎಂಬವರು ಕೈಗೆತ್ತಿಕೊಂಡು ಮುಂದುವರಿಸಿದ್ದರಿಂದ ಮೇಲ್‌ಮ್ಯಾನ್ ಬದುಕಿತು. ಬ್ಯಾಕಪ್ ಇಟ್ಟುಕೊಳ್ಳಿ ಎಂದು ಯಜಮಾನರಿಗೆ ಬುದ್ಧಿ ಹೇಳುವ ಹಕ್ಕು ಈ ತಂತ್ರಾಂಶಕ್ಕೆ ಹುಟ್ಟಿನಿಂದಲೇ ಬಂದಿದೆ.

ಒಂದೇ ಒಕ್ಕಣೆಯನ್ನು ನೂರು ಮನೆಗೆ ಮುಟ್ಟಿಸುವ ಚಪಲ ನಮ್ಮ ಊರಿಗೆ ಹೊಸತಲ್ಲ. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಇಲ್ಲಿಂದ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಕನ್ನಡದ ಮೊದಲ ಪತ್ರಿಕೆ ಎಂದು ಆ ದಿನವನ್ನೇ ಇವತ್ತಿಗೂ ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಬಾಸೆಲ್ ಮಿಷನ್ನಿನ ಅಚ್ಚುಕೂಟದಲ್ಲಿ ಆಗ ಇದ್ದದ್ದು ಕಲ್ಲಚ್ಚು. ಅಚ್ಚಿನ ಮೊಳೆಗಳ ಬದಲು ಕೈಬರಹವೇ ಕಲ್ಲಿನ ಮೇಲೆ ಇಳಿದು ಕಾಗದಕ್ಕೆ ಬರಬೇಕಿತ್ತು. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ವಾಯಿತು. ಯಂತ್ರ ಎಲ್ಲಿಯದೋ, ಅಕ್ಷರ ನಮ್ಮದು. ಎರಡನ್ನೂ ಜೋಡಿ ಮಾಡಿಸುವ ಪರದಾಟ ಆ ಅಚ್ಚುಕೂಟವಿದ್ದ ಬಲ್ಮಠದ ಗುಡ್ಡದ ಮೇಲೆ ಆಗಲೇ ಶುರುವಾಗಿತ್ತು. ನನ್ನ ಪಾಲಿಗೆ ಬಂದದ್ದು ಅದರ ಮುಂದಿನ ಕಂತು.

ನಾನು ಯಜಮಾನನಾದಾಗ ಇದ್ದದ್ದು ಮೇಲ್‌ಮ್ಯಾನ್‌ನ ಎರಡನೇ ಆವೃತ್ತಿ. ಪಟ್ಟಿಯ ಭಾಷೆ ಇಂಗ್ಲಿಷ್ ಎಂದಿದ್ದರೆ ಅಕ್ಷರಗಳೆಲ್ಲ ಆಸ್ಕಿ ಎಂಬ ಇಂಗ್ಲಿಷ್ ಅಕ್ಷರಸಂಕೇತದ ಒಳಗೇ ಇರುತ್ತವೆ ಎಂಬ ನಂಬಿಕೆ ಅದಕ್ಕೆ. ಕನ್ನಡಕ್ಕೆ ಯುನಿಕೋಡ್‌ನಲ್ಲಿ 1991ರಿಂದಲೇ ಜಾಗ ಇತ್ತು, ಈ ತಂತ್ರಾಂಶಕ್ಕೆ ಆ ಸುದ್ದಿ ಮುಟ್ಟಿರಲಿಲ್ಲ ಅಷ್ಟೆ. ಹಳೆಯ ಓಲೆಗಳ ಕಡತದಲ್ಲಿ ಸದಸ್ಯರ ಹೆಸರುಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಓಲೆಯ ಕೆಳಗೆ ಕನ್ನಡದಲ್ಲಿ ಎರಡು ಸಾಲಿನ ಅಡಿಬರಹ ಹಾಕಿದರೆ ಅದು ಓಲೆಯೊಳಗೆ ಕೂರದೆ ಬೇರೆ ಲಗತ್ತಾಗಿ ಹೊರಗೆ ನೇತಾಡುತ್ತಿತ್ತು. “ನೀವು ಕಳಿಸಿದ ಆ ಫೈಲು ತೆರೆಯುವುದಿಲ್ಲ ಮಾರಾಯ್ರೆ, ವೈರಸ್ ಉಂಟಾ ಎಂತ?” ಎಂದು ಬಳಗದ ಹಿರಿಯ ಮಾಷ್ಟ್ರು ಫೋನ್ ಮಾಡಿದ್ದರು. ಮದ್ದು ಇದ್ದದ್ದು ಒಂದೇ ಸಾಲಿನಲ್ಲಿ. ಸೆಟ್ಟಿಂಗ್ಸ್ ಕಡತದಲ್ಲಿ ಇಂಗ್ಲಿಷಿನ ಮುಂದೆ ‘ಯುಟಿಎಫ್-8’ ಎಂದು ಬರೆದು ತಂತ್ರಾಂಶವನ್ನು ಮತ್ತೆ ಚಾಲೂ ಮಾಡಿದೆ. ಅಡಿಬರಹ ಒಳಗೆ ಬಂದು ಕೂತಿತು. “ಈಗ ಸರಿ ಉಂಟು, ವೈರಸ್ ಹೋಯ್ತು” ಎಂದರು ಮಾಷ್ಟ್ರು.

ಅಕ್ಷರ ಸರಿಹೋದ ಮೇಲೆ ಮರ್ಯಾದೆಯ ಪ್ರಶ್ನೆ. ತಂತ್ರಾಂಶದ ಜೊತೆಗೇ ಬರುವ ಇಂಗ್ಲಿಷ್ ಒಕ್ಕಣೆಗಳು ಕೋರ್ಟಿನ ಸಮನ್ಸಿಗಿಂತ ಒಣ. ನಲುವತ್ತು ಕೆಬಿ ದಾಟಿದ ಓಲೆಯನ್ನು ಅದು ತಡೆದಿಡುತ್ತದೆ. ಯಜಮಾನ ತಿರಸ್ಕರಿಸಿ ಕಾರಣ ಬರೆಯದಿದ್ದರೆ, ಕಾರಣ ಕೊಟ್ಟಿಲ್ಲ ಎಂದು ತಾನೇ ಬರೆದು ಕಳಿಸುತ್ತದೆ. ಮಸ್ಕತ್ತಿನಿಂದ ಮೊಮ್ಮಗುವಿನ ಫೋಟೋ ಕಳಿಸಿದ ಅಕ್ಕನಿಗೆ ಇಂಥ ಜವಾಬು ಹೋದರೆ ಮುಂದಿನ ಮದುವೆಯಲ್ಲಿ ನಾನು ಯಾವ ಪಂಕ್ತಿಯಲ್ಲಿ ಕೂರಲಿ? ಹಾಗಾಗಿ ಒಕ್ಕಣೆಗಳನ್ನೆಲ್ಲ ಒಂದೊಂದಾಗಿ ತೆಗೆದು ಬರೆಯಲು ಕೂತೆ. “ಮಗು ಚಂದ ಉಂಟಕ್ಕ, ಫೋಟೋ ಮಾತ್ರ ದೊಡ್ಡದಾಯ್ತು. ಸ್ವಲ್ಪ ಸಣ್ಣದು ಮಾಡಿ ಪುನಃ ಕಳಿಸಿ.” ಸ್ವಾಗತದ ಓಲೆಯಲ್ಲಿ ನಿಯಮಗಳಿಗಿಂತ ಮೊದಲು ಕ್ಷೇಮ ವಿಚಾರ. ಬಿಟ್ಟುಹೋಗುವವರಿಗೆ, ಬಾಗಿಲು ತೆರೆದೇ ಇರುತ್ತದೆ ಎಂಬ ಮಾತು. ಒಕ್ಕಣೆಯ ನಡುವೆ ಹೆಸರು, ವಿಳಾಸ ತಾನಾಗಿ ಬಂದು ಕೂರಲು ಡಾಲರ್ ಚಿಹ್ನೆಯ ಅಥವಾ ಶೇಕಡಾ ಚಿಹ್ನೆಯ ಇಂಗ್ಲಿಷ್ ಪದಗಳಿರುತ್ತವೆ. ಅವನ್ನು ಮಾತ್ರ ಮುಟ್ಟಬಾರದು, ಸುತ್ತ ಏನು ಬೇಕಾದರೂ ಬರೆಯಬಹುದು.

ಗಡಿಯಾರಕ್ಕೂ ಊರಿನ ಸಂಸ್ಕಾರ ಬೇಕಿತ್ತೋ ಏನೋ. ದಿನದ ಓಲೆಗಳನ್ನೆಲ್ಲ ಒಂದು ಕಟ್ಟು ಮಾಡಿ ಮಧ್ಯಾಹ್ನ 12ಕ್ಕೆ ಕಳಿಸಬೇಕು, ಅಪ್ಪಣೆಗೆ ಕಾದಿರುವ ಓಲೆಗಳ ಲೆಕ್ಕವನ್ನು ಯಜಮಾನನಿಗೆ ಬೆಳಿಗ್ಗೆ 8ಕ್ಕೆ ಒಪ್ಪಿಸಬೇಕು ಎಂಬುದು ಮೇಲ್‌ಮ್ಯಾನ್ ಮಾಡಿದವರ ಏರ್ಪಾಡು. ಸರ್ವರಿನ ಗಡಿಯಾರ ಗ್ರೀನಿಚ್ಚಿನದ್ದಾದ್ದರಿಂದ ಲೆಕ್ಕ ಬರುತ್ತಿದ್ದದ್ದು ಒಂದೂವರೆಗೆ, ಮೀನುಸಾರಿಗೆ ಕೈಹಾಕುವ ಹೊತ್ತಿಗೆ. ಇದನ್ನು ಬದಲಾಯಿಸಿದೆ. ಓಲೆಗಳ ಕಟ್ಟು ತಲುಪುತ್ತಿದ್ದದ್ದು ಸಂಜೆ ಐದೂವರೆಗೆ, ಚಹಾ ಮತ್ತು ಗೋಳಿಬಜೆಯ ಹೊತ್ತಿಗೆ. ಅದನ್ನು ಹಾಗೇ ಬಿಟ್ಟೆ.

ಇಷ್ಟೆಲ್ಲ ತಾಪತ್ರಯ ಯಾಕೆ, ಉಚಿತವಾಗಿ ಸಿಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಸಿಗುತ್ತದೆ, ಚೆನ್ನಾಗಿಯೂ ನಡೆಯುತ್ತದೆ. ಕರ್ನಾಟಕದ ಸರ್ಕಾರಿ ಪ್ರೌಢಶಾಲೆಗಳ ಗಣಿತ, ವಿಜ್ಞಾನ ಶಿಕ್ಷಕರು ವಿಷಯ ಶಿಕ್ಷಕರ ವೇದಿಕೆಯ ಪಟ್ಟಿಗಳಲ್ಲಿ ಪ್ರಶ್ನೆಪತ್ರಿಕೆ, ಪಾಠಯೋಜನೆ, ಸುತ್ತೋಲೆಗಳನ್ನು ಹಂಚಿಕೊಂಡದ್ದು ಗೂಗಲ್ ಗ್ರೂಪ್ಸಿನಲ್ಲೇ. ಆದರೆ ಕೊಟ್ಟವರು ಬಾಗಿಲು ಹಾಕಿದರೆ ಕೇಳುವ ಹಾಗಿಲ್ಲ. 2020ರ ಡಿಸೆಂಬರಿನಲ್ಲಿ ಯಾಹೂ ಗ್ರೂಪ್ಸ್ ಮುಚ್ಚಿತು. ಅಲ್ಲಿದ್ದ ಪಟ್ಟಿಗಳೆಲ್ಲ ಬೇರೆ ನೆಲೆ ಹುಡುಕಬೇಕಾಯಿತು.

ಸ್ವಂತದ್ದಕ್ಕೆ ಸುಖ ಇದೆ ಎಂದಲ್ಲ. 2014ರ ಏಪ್ರಿಲ್‌ನಲ್ಲಿ ಯಾಹೂ ಒಂದು ಕಟ್ಟಳೆ ತಂದಿತು. ತನ್ನ ವಿಳಾಸ ಹೊತ್ತ ಓಲೆ ತನ್ನ ಸರ್ವರಿನಿಂದಲೇ ಹೊರಟಿರಬೇಕು, ಇಲ್ಲವಾದರೆ ಯಾರೂ ತೆಗೆದುಕೊಳ್ಳಬೇಡಿ ಎಂದು. ಪಟ್ಟಿಯ ಕೆಲಸವೇ ಸದಸ್ಯರ ಹೆಸರಿನಲ್ಲಿ ಓಲೆಯನ್ನು ಮತ್ತೆ ಹೊರಡಿಸುವುದು. ಲೋಕದ ಪಟ್ಟಿಗಳೆಲ್ಲ ಒಂದೇ ವಾರದಲ್ಲಿ ಕಂಗಾಲಾದವು. ಕೊನೆಗೆ ಕಂಡುಕೊಂಡ ಉಪಾಯ, ಕಳಿಸಿದವರ ಜಾಗದಲ್ಲಿ ಪಟ್ಟಿಯ ವಿಳಾಸ ಹಾಕಿ, ಹೆಸರಿನ ಮುಂದೆ ‘ವಯಾ ಓದುಗ ಬಳಗ’ ಎಂದು ಬರೆಯುವುದು. ಬೇರೆ ಊರಿನವರಿಗೆ ಇದನ್ನು ವಿವರಿಸಬೇಕಾಯಿತಂತೆ. ಮಂಗಳೂರಿಗರಿಗೆ ಬೇಕಾಗಲಿಲ್ಲ. ಸ್ಟೇಟ್‌ಬ್ಯಾಂಕಿಗೆ ಹೋಗುವ ಬಸ್ಸಿನ ಬೋರ್ಡಿನಲ್ಲಿ ‘ವಯಾ ಜ್ಯೋತಿ’ ಓದಿ ಬೆಳೆದವರು ನಾವು. ಓಲೆ ಹೊರಟದ್ದು ಎಲ್ಲಿಂದ, ತಿರುಗಿ ಬಂದದ್ದು ಎಲ್ಲಿಂದ ಎಂದು ತಟ್ಟನೆ ತಿಳಿಯಿತು.

ಆಮೇಲೆ 2020ರ ಆರಂಭಕ್ಕೆ ಪೈಥಾನ್ ಎರಡರ ಆಯುಷ್ಯ ಮುಗಿಯಿತು, ಹಳೆಯ ಮೇಲ್‌ಮ್ಯಾನ್ ನಿಂತಿದ್ದದ್ದು ಅದರ ಮೇಲೆ. ಮೂರನೇ ಆವೃತ್ತಿಗೆ ಒಕ್ಕಲೆತ್ತಿ ಹೋದೆವು. ಅಲ್ಲಿ ಕಡತದ ಕೆಲಸಕ್ಕೆ ಒಂದು ತಂತ್ರಾಂಶ, ಯಜಮಾನನ ಕೆಲಸಕ್ಕೆ ಇನ್ನೊಂದು, ನಡುವೆ ಹೃದಯದಂತೆ ಮತ್ತೊಂದು. ಒಕ್ಕಣೆಗಳಿಗೆಲ್ಲ ಹೊಸ ಕಡತದ ಹೆಸರುಗಳು. ಕ್ಷೇಮ ವಿಚಾರ, ಮಗುವಿನ ಫೋಟೋ, ತೆರೆದ ಬಾಗಿಲು ಎಲ್ಲವನ್ನೂ ಹೊತ್ತು ತಂದು ಪುನಃ ಕೂರಿಸಿದೆ.

ತಿದ್ದದೆ ಉಳಿಸಿದ್ದು ಒಂದುಂಟು. ಪಟ್ಟಿ ಬಿಡುವ ಆಜ್ಞೆಯನ್ನು ಯಾರಾದರೂ ಮರೆತು ಎಲ್ಲರಿಗೂ ಕಳಿಸಿದರೆ ಮೇಲ್‌ಮ್ಯಾನ್ ಅದನ್ನು ದಾರಿಯಲ್ಲೇ ತಡೆದು ಯಜಮಾನನ ಮುಂದೆ ಇಡುತ್ತದೆ. ಆದರೆ ಅದಕ್ಕೆ ಗೊತ್ತಿರುವುದು ಇಂಗ್ಲಿಷಿನ ‘ಅನ್‌ಸಬ್‌ಸ್ಕ್ರೈಬ್’ ಮೊದಲಾದ ಆಜ್ಞೆಗಳು. “ದಯವಿಟ್ಟು ನನ್ನ ಹೆಸರು ತೆಗೆಯಿರಿ” ಎಂದು ಕನ್ನಡದಲ್ಲಿ ಬರೆದರೆ ಅದು ಸಾಹಿತ್ಯವೆಂದು ಭಾವಿಸಿ ಎಲ್ಲರಿಗೂ ಹಂಚಿಬಿಡುತ್ತದೆ. ಆಗ ನೋಡಬೇಕು. “ಯಾಕೆ ಮಾರಾಯ್ರೆ, ಎಂತ ಆಯ್ತು?” ಎಂದು ಮುಂಬಯಿಯಿಂದ ಒಂದು, “ಹೋದ ವಾರದ ಚರ್ಚೆಗೆ ಬೇಜಾರಾ?” ಎಂದು ಸುರತ್ಕಲಿನಿಂದ ಒಂದು, ಕಡೆಗೆ ಮಾಷ್ಟ್ರಿಂದ ಫೋನ್. ಹೊರಟವರು ಸಂಜೆಯೊಳಗೆ ಮನಸ್ಸು ಬದಲಾಯಿಸಿರುತ್ತಾರೆ. ಆ ಕನ್ನಡ ಸಾಲನ್ನೂ ತಡೆಯುವ ನಿಯಮ ಬರೆಯಲು ನನಗೆ ಬರುತ್ತದೆ, ಹೆಚ್ಚೆಂದರೆ ಅರ್ಧ ಗಂಟೆಯ ಕೆಲಸ. ಬರೆಯುವುದಿಲ್ಲ. ಯಜಮಾನ ಎಂದ ಮೇಲೆ ಯಾವುದನ್ನು ರಿಪೇರಿ ಮಾಡಬಾರದು ಎಂಬ ನಿರ್ಧಾರವೂ ನನ್ನದೇ ತಾನೇ?